ಎರಡನೆಯ ಬೇಸಿನ ತಪ್ಪು

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಗ ನಗರದ ಇನ್ನೊಂದು ತುದಿಯ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸ ಹಿಡಿದು, ಅಲ್ಲಿಯೇ ಸಮೀಪದ ಫ್ಲ್ಯಾಟಿಗೆ ಹೊರಟುಹೋದ. ಕಿಂಗ್ಸ್‌ಬರಿಯ ನಮ್ಮ ಮನೆಗೆ ಅವನು ಬರುತ್ತಿದ್ದುದು ಬೇಸಿಗೆಯ ಭಾನುವಾರಗಳಂದು ಮಾತ್ರ. ಅದೂ ನನ್ನನ್ನು ಕಾರಿನಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಕರೆದೊಯ್ಯಲು. ಅವನ ತಂಡಕ್ಕೆ ಸ್ಕೋರ್ ಬರೆಯುವವರಿರಲಿಲ್ಲ. ಮೈಸೂರಿನಲ್ಲಿ ಕಾಲೇಜು ಕ್ರಿಕೆಟ್ಟಿಗೆ ಸ್ಕೋರ್ ಬರೆದಿದ್ದ ನಾನು ಒಪ್ಪಿಕೊಂಡೆ. ಆ ಆಟದ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಮಗನ ಜೊತೆ ಕಳೆಯಲು ಉಳಿದಿದ್ದುದು ಆ ಪ್ರಯಾಣವೊಂದೇ.

ಮೊದಮೊದಲು ಕ್ರಿಕೆಟ್ಟಿನ ಕ್ರಮದಲ್ಲಿಯೇ ಎಸೆತಕ್ಕೊಂದು ಚುಕ್ಕೆ ಇಟ್ಟೆ. ಗೆರೆಯಾಚೆ ಹೋದ ಫೌಲ್ ಚೆಂಡನ್ನು ನೋಬಾಲೆಂದು ಭಾವಿಸಿ ಹೊಡೆಯುವ ತಂಡಕ್ಕೆ ಒಂದೊಂದು ರನ್ ಸೇರಿಸಿದೆ. ಅಮೆರಿಕದವನಾದ ನಾಯಕ ಹಾಳೆಯನ್ನು ಎತ್ತಿ ಹಿಡಿದು, "ಡಾಕ್ಟರ್, ಇದಕ್ಕೆ ದಡಾರ ಎದ್ದಿದೆಯಲ್ಲ!" ಎಂದ. ತಂಡವಿಡೀ ನಕ್ಕಿತು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದುಡಿದವನಿಗೆ ಆಡುವ ಮಾತೇ ಅದು?

ಬಳಿಕ ಪ್ರತಿ ಆಟಗಾರನಿಗೂ ವಜ್ರಾಕಾರದ ಮನೆಯೊಂದನ್ನು ಬರೆದು, ಅವನು ಓಡಿ ತಲುಪಿದ ಮೂಲೆಯವರೆಗೆ, ಅಂದರೆ ಬೇಸಿನವರೆಗೆ, ಗೆರೆಯನ್ನು ದಪ್ಪ ಮಾಡಿ ನೋಡಿದೆ.

"ಏನ್ರೀ, ವಾರವೆಲ್ಲ ಕೂತು ರಂಗೋಲಿ ಬಿಡ್ತಿದ್ದೀರಿ, ನಮ್ಮ ಹೊಸ್ತಿಲಿಗಾದ್ರೂ ಒಂದು ಹಾಕಿ" ಎಂದು ಹೆಂಡತಿ ಕೆಣಕಿದಳು.

ಚೆಂಡು ಯಾರ ಕೈಗೆ ಹೋಯಿತೆಂದು ಗುರುತಿಸಲು ಸಂಖ್ಯೆಗಳನ್ನೂ ಕಲಿತೆ. ಎರಡನೆಯ ಬೇಸ್ ಕಾಯುವವನು ನಾಲ್ಕು. ಅದು ನನ್ನ ಮಗನ ಜಾಗ.

ಕ್ರಿಕೆಟ್ಟಿನ ಪುಸ್ತಕದಲ್ಲಿ ಕೈಬಿಟ್ಟ ಕ್ಯಾಚಿಗೆ ಅಂಕಣವಿಲ್ಲ. ಇಲ್ಲಿ ಉಂಟು. ಸುಲಭದ ಚೆಂಡನ್ನು ಬಿಟ್ಟರೆ ಹೊಡೆದವನಿಗೆ 'ಹಿಟ್' ಎಂಬ ಶ್ರೇಯ ಸಲ್ಲದು. ಬಿಟ್ಟವನ ಲೆಕ್ಕಕ್ಕೆ ತಪ್ಪಿನ ಗುರುತಾಗಿ ಇಂಗ್ಲಿಷಿನ 'ಇ' ಬೀಳುತ್ತದೆ. ತೀರ್ಮಾನ ಸ್ಕೋರ್ ಬರೆಯುವವನದು. ಒಂದು ಭಾನುವಾರ, ಮೆತ್ತಗೆ ಉರುಳಿಬಂದ ಚೆಂಡು ಮಗನ ಕಾಲುಗಳ ನಡುವೆ ಹಾದುಹೋಯಿತು. ಇ-ನಾಲ್ಕು ಎಂದು ಬರೆದೆ. ಆಟದ ನಂತರ ನಾಯಕ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ.

ಕಾರಿನಲ್ಲಿ ಮಗ ಕೇಳಿದ: "ಅಪ್ಪ, ಹಿಟ್ ಅಂತ ಬರೆದಿದ್ರೆ ಏನಾಗ್ತಿತ್ತು?"

"ಕಾಲ ಸಂದೀಲಿ ಹೋದದ್ದಕ್ಕೆ ಹಿಟ್ ಅಂತಾರೇನೋ?"

"ಬ್ಯಾಡ್ ಬೌನ್ಸ್! ನೀವು ನನ್ನ ಅಪ್ಪ, ಫಾರ್ ಗಾಡ್ಸ್ ಸೇಕ್."

"ಅಪ್ಪ ಆದ್ರೆ ಸುಳ್ಳು ಬರೀಬೇಕಾ?"

ಅವನು ರೇಡಿಯೋ ಹಾಕಿದ. ಮುಂದಿನ ವಾರ ಫೋನು ಬಂತು: "ಈ ಸಲ ಬರೋದು ಬೇಡ ಅಪ್ಪ. ಕ್ಯಾಪ್ಟನ್ ಗರ್ಲ್‌ಫ್ರೆಂಡ್ ಬರೀತಾಳಂತೆ."

ನಾನು ಬಸ್ಸಿನಲ್ಲಿ ಹೋದೆ. ಆ ಹುಡುಗಿಯ ಬೆನ್ನ ಹಿಂದೆ ಹಾಯುವಾಗ ನೋಡಿದೆ: ರನ್ನಿಗೊಂದು ಗೀಟು, ಅಷ್ಟೇ. ದೂರದ ಬೆಂಚಿನಲ್ಲಿ ಕುಳಿತು ನನ್ನ ಹಾಳೆಯನ್ನು ಬಿಡಿಸಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಮಗ ಮತ್ತೊಂದು ಚೆಂಡು ಬಿಟ್ಟ. ಯಾರೋ ಕೂಗಿ ತಮಾಷೆ ಮಾಡಿದರು. ಅವನೂ ನಗುತ್ತ ಕೈಗವಸಿನಿಂದ ತಲೆ ಬಡಿದುಕೊಂಡ. ಹಾಗೆ ತಿರುಗಿದವನಿಗೆ ನಾನು ಕಂಡೆ. ಅವನ ಕಣ್ಣು ನೇರವಾಗಿ ನನ್ನ ತೊಡೆಯ ಮೇಲಿನ ಹಾಳೆಗೆ ಹೋಯಿತು, ನಗು ನಿಂತಿತು.

ಮೊದಲನೆಯದು ಇ-ನಾಲ್ಕೇ. ಎರಡನೆಯದೂ ಅದೇ. ಇಂದಿಗೂ ಬೇರೆಯಾಗಿ ಬರೆಯಲಾರೆ. ಆ ಬೇಸಿಗೆಯ ನಂತರ ಅವನು ಮನೆಗೆ ಬರುವ ಮುನ್ನ ತಾಯಿಗೆ ಫೋನು ಮಾಡುತ್ತಿದ್ದ, ನಾನು ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತೇನೆಂದು ಕೇಳಲು.