ಹೊಲಿಸದೆ ಉಳಿದ ಖಣ

ಬೇಸಿಗೆ ಬಂತೆಂದರೆ ನಮ್ಮ ಮನೆಯ ಟ್ರಂಕುಗಳಿಗೆ ಬಿಸಿಲು ಕಾಣುವ ಯೋಗ. ಮೊನ್ನೆ ಭಾನುವಾರ ನನ್ನ ಹೆಂಡತಿ ರತ್ನಾ, ಅವ್ವನ ಹಳೆಯ ಟ್ರಂಕನ್ನು ಮಾಳಿಗೆಯ ಮೇಲೆ ಹೊರಿಸಿದಳು. ಹೊತ್ತವನು ಯಾರೆಂದು ಬೇರೆ ಹೇಳಬೇಕಿಲ್ಲ. ಮುಚ್ಚಳ ತೆಗೆದ ಕೂಡಲೇ ಒಣಗಿದ ಬೇವಿನೆಲೆ, ಡಾಂಬರು ಗುಳಿಗೆ, ಅರಿಶಿನ ಕೊಂಬು ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಹೊಡೆದು ನನಗೆ ಸೀನು ಹತ್ತಿತು. ನಾನು ಸೀನಿ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನನ್ನ ತಂಗಿಯ ಮಗಳು ಸೀರೆಗಳ ತಳಕ್ಕೆ ಕೈ ಹಾಕಿ ಒಂದು ಹಸಿರು ಖಣವನ್ನು ಹೊರಗೆಳೆದಿದ್ದಳು. ಕುಬಸ ಹೊಲಿಸುವ ಖಣ. ಕೆಂಪು ಅಂಚು, ಅಂಗಡಿಯವನು ಹಾಕಿದ ಮಡಿಕೆ ಇನ್ನೂ ಹಾಗೇ ಇತ್ತು.

"ಮಾವ, ಇದು ಯಾರದು? ಹೊಸಾದು ಐತಿ, ಯಾಕ ಹೊಲಿಸಿಲ್ಲ?"

ಹುಡುಗಿಗೆ ಈಗ ಹತ್ತು ವರ್ಷ. ಹೆಸರು ಮುತಿಂತಾ. ಹುಟ್ಟಿದ್ದು ಆಫ್ರಿಕಾದ ಜಾಂಬಿಯಾದಲ್ಲಿ, ರಜೆಗೆ ಬರುವುದು ಹಗರಿಬೊಮ್ಮನಹಳ್ಳಿಗೆ. ಅವಳಿಗೆ ಹೇಗೆ ಹೇಳುವುದೆಂದು ನನಗೆ ತಕ್ಷಣ ತಿಳಿಯಲಿಲ್ಲ. ನಿಮಗಾದರೆ ಮೊದಲಿನಿಂದ ಹೇಳಬಹುದು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು, ಕೊಟ್ಟೂರು ದಾಟುವುದರೊಳಗೆ "ಯಾರ ಪೈಕಿರಿ?" ಎನ್ನುತ್ತಾರೆ. ಜಾತಿ ಕೇಳುವ ನಯವಾದ ರೀತಿ ಅದು. ಉತ್ತರ ಕೇಳಿದ ಮೇಲೆ ಕೆಲವರು ಸುಮ್ಮನೆ ಕಿಟಕಿಯ ಕಡೆ ಸರಿದು ಕೂಡುತ್ತಾರೆ. ಆ ಪ್ರಶ್ನೆಗೆ ಬೇಸತ್ತೇ ನಮ್ಮಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡದ್ದು. ಜಗುಲಿಯಿಂದ ದೇವರುಗಳೆಲ್ಲ ಇಳಿದರು, ಬುದ್ಧನ ಪಟ ಏರಿತು. ಅವ್ವ ಎಲ್ಲವನ್ನೂ ಒಪ್ಪಿದಳು, ಉಡಿ ತುಂಬುವುದನ್ನು ಮಾತ್ರ ಬಿಡಲಿಲ್ಲ. ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಮೇಲೊಂದು ಖಣ ಹಾಕದೆ ಕಳಿಸಿದರೆ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ಅಪ್ಪ ವಾದಕ್ಕೆ ನಿಂತರೆ, "ಅದು ದೇವರಿಗಲ್ಲ, ಹೆಣ್ಮಕ್ಕಳಿಗೆ" ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಅಪ್ಪ ತೀರಿಹೋಗುವ ತನಕ ಸೋತದ್ದನ್ನು ನಾನು ನೋಡಿದ್ದು ಆ ವಾದದಲ್ಲಿ ಮಾತ್ರ.

ನನ್ನ ತಂಗಿ ಸುಜಾತಾ ನರ್ಸ್. ಬಳ್ಳಾರಿಯಲ್ಲಿ ಕೆಲ ವರ್ಷ ಇದ್ದು ಜಾಂಬಿಯಾದ ರಾಜಧಾನಿ ಲುಸಾಕಾದ ಆಸ್ಪತ್ರೆಗೆ ಹೋದಳು. ಮದುವೆ ಬೇಡವೆಂದಳು, ಬೇಡವೆಂದೇ ಉಳಿದಳು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಮನೆಗೆ ಫ್ಯಾನು ತರಬೇಕಾದರೂ ನಾಲ್ಕು ಜನರನ್ನು ಕೇಳುವವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಷ್ಟು ಬೇರೆಯಾಗಿರಬಹುದೇ ಎಂದು ನನಗೇ ಆಶ್ಚರ್ಯ. ಆರು ವರ್ಷದ ಹಿಂದೆ ಅವಳು ಫೋನಿನಲ್ಲಿ ಹೇಳಿದಳು: ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಉಳಿದುಬಿಟ್ಟಿತ್ತು, ತಾಯಿ ಮತ್ತೆ ಬರುತ್ತೇನೆಂದು ಹೋದವಳು ಬರಲಿಲ್ಲ, ಬಹಳ ದಿನ ಹುಡುಕಿಯೂ ಸಿಗಲಿಲ್ಲ, ಮಗುವನ್ನು ತಾನೇ ಸಾಕುತ್ತಿದ್ದಳು, ಈಗ ಕೋರ್ಟು ದತ್ತು ಕೊಟ್ಟಿದೆ.

ಅವ್ವ ಫೋನು ಇಸಿದುಕೊಂಡಳು. ಬಾಯಿಂದ ಬಂದ ಮೊದಲ ಮಾತು ಇದು: "ಕೂಸು ಯಾರ ಪೈಕಿ ಐತವ್ವ?"

ಆ ಕಡೆಯಿಂದ ಸುಜಾತಾ ನಿಧಾನವಾಗಿ ಹೇಳಿದ್ದು ನನಗೂ ಕೇಳಿಸಿತು. "ನಮ್ಮನ್ನ ಎಲ್ಲಾರೂ ಕೇಳ್ತಿದ್ರಲ್ಲ ಅವ್ವ. ಈಗ ನೀನೂ ಕೇಳ್ತಿಯೇನು?"

ಅವ್ವ ಫೋನನ್ನು ನನ್ನ ಕೈಗಿಟ್ಟು ಹಿತ್ತಲಿಗೆ ಹೋದಳು. ಸುಜಾತಾ ನನಗೆ ಹೇಳಿದಳು: "ಅಣ್ಣ, ಅಕಿನ್ನ ಕರ್ಕೊಂಡು ಬರ್ತೀನಿ. ಅಕಿಗೆ ಬಾಗಿಲ ಇಲ್ಲಂದ್ರ ನನಗೂ ಬಾಗಿಲ ಇಲ್ಲ. ಅವ್ವಗ ಹೇಳಿಬಿಡು." ಅವಳು ಹೇಳಿದ ಮೇಲೆ ಮುಗಿಯಿತು. ಅವ್ವ ಮಣಿಯದಿದ್ದರೆ ನನಗಿದ್ದ ಒಬ್ಬಳೇ ತಂಗಿ ಮತ್ತೆ ಈ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಂದಿನಿಂದ ಫೋನು ಬಂದರೆ ಅವ್ವ ಎದ್ದು ಹೋಗುತ್ತಿದ್ದಳು. ಮಗುವಿನ ಫೋಟೋ ತೋರಿಸಲು ಹೋದರೆ ಕನ್ನಡಕ ತೆಗೆದಿಡುತ್ತಿದ್ದಳು. ನಾನು ಬುದ್ಧನ ಕರುಣೆಯ ಮೇಲೆ ಉದ್ದುದ್ದ ಭಾಷಣ ಮಾಡಿದೆ. ಅವ್ವ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿ, "ನಿನಗ ಆಫೀಸಿಗೆ ಹೊತ್ತಾತು" ಎಂದಳು. ಇದು ಸಿಟ್ಟು ಎಂದೇ ನಾನೂ ರತ್ನಾನೂ ತಿಳಿದೆವು.

ಸುಜಾತಾ ಬರುವ ವಾರ ಅವ್ವ ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ತನ್ನ ತವರು ತೆಲಿಗಿಗೆ ಹೋದಳು. ಮಗಳ ಮುಖ ನೋಡಬಾರದೆಂದೇ ಹೋಗಿದ್ದಾಳೆಂದು ನಾವು ಕಂಗಾಲಾದೆವು. ಸಂಜೆ ಅವಳನ್ನು ಕರೆತರಲೆಂದು ನಾನು ಬಸ್ ಸ್ಟ್ಯಾಂಡಿಗೆ ಹೋದಾಗ ಹರಪನಹಳ್ಳಿ ಕಡೆಯ ಬಸ್ಸು ಬಂತು. ಅವ್ವ ಇಳಿದು ಮೇಲೆ ಕೈ ತೋರಿಸಿದಳು. ಬಸ್ಸಿನ ಮೇಲೆ ತೊಟ್ಟಿಲು. ನಾನೂ ಸುಜಾತಾನೂ ಮಲಗಿದ್ದ, ತವರಿನವರು ಆಮೇಲೆ ಒಯ್ದಿದ್ದ ಮರದ ತೊಟ್ಟಿಲು. ಕಂಡಕ್ಟರೂ ನಾನೂ ಸೇರಿ ಅದನ್ನು ಇಳಿಸಿದೆವು.

"ಅವ್ವ," ಎಂದೆ, "ಹುಡುಗಿಗೆ ನಾಕು ವರ್ಷ."

ದತ್ತು ಎಂದರೆ ಕೈಕೂಸು ಎಂದೇ ಅವ್ವನ ಲೆಕ್ಕ. ನಿಂತಲ್ಲೇ ನಿಂತಳು. "ಮೊದಲ ಹೇಳಬಾರದೇನು?"

"ನೀ ಕೇಳಿಸ್ಕೊಂಡಿದ್ರ ತಾನ."

"ಬಂದೈತಿ, ಇರ್ಲಿ ಬಿಡು. ಕಾಲು ಹೊರಗ ಬಿಟ್ಕೊಂಡು ಕೂಡ್ತಾಳ."

ತೊಟ್ಟಿಲನ್ನು ಒರೆಸುತ್ತಾ ಅವಳು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅಕಿ ಕೇಳಿದ್ದು ಖರೇ ಐತಿ. ನನ್ನ ಜೀವಮಾನೆಲ್ಲ ಕೇಳ್ಯಾರ. ಅದೇ ಮಾತು ನನ್ನ ಬಾಯಾಗ ಹೆಂಗ ಬಂತು? ಯಾವ ಮುಖ ಇಟ್ಕೊಂಡು ಫೋನಿನಾಗ ಮಾತಾಡ್ಲಿ?" ಅದು ಸಿಟ್ಟಲ್ಲ, ನಾಚಿಕೆಯಾಗಿತ್ತು. ಭಾಷಣ ಮಾಡಿದ್ದಕ್ಕೆ ನನಗೂ ನಾಚಿಕೆಯಾಯಿತು.

ಮುತಿಂತಾ ಬಂದಳು. ತೊಟ್ಟಿಲು ಕಂಡದ್ದೇ ಜೋಕಾಲಿ ಎಂದುಕೊಂಡು ಅದರಲ್ಲಿ ನಿಂತು ಜೀಕಿದಳು, ಒಂದು ಸರಪಳಿ ಕಿತ್ತು ಬಂತು. ಅವ್ವ ಮೊದಲ ಸಲ ನಕ್ಕಳು. ಮುತ್ತವ್ವ ಎಂದು ಕರೆದಳು. ಎಲ್ಲ ಸರಿಹೋಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ ಸುಜಾತಾಳನ್ನು ಕೂಡಿಸಿಕೊಂಡು ಕೇಳಿದಳು: "ಇಕಿನ್ನ ನಿನ್ನ ಉಡಿಯಾಗ ಹಾಕಿದವ್ರು ಯಾರು?"

ನಮ್ಮಲ್ಲಿ ದತ್ತು ಎಂದರೆ ಹೆತ್ತವಳು ಅಕ್ಕಿಯ ಜೊತೆ ಕೂಸನ್ನು ಸಾಕುವವಳ ಉಡಿಗೆ ಹಾಕಬೇಕು. ಹಾಕಿಸಿಕೊಂಡವಳು ಹೆತ್ತವಳಿಗೆ ಖಣ ಕೊಟ್ಟು ಕಾಲು ಮುಟ್ಟಬೇಕು. ಆಗಲೇ ಕೂಸು ಅವಳದು.

"ಕೋರ್ಟು ಹಾಕೇತಿ ಅವ್ವ," ಎಂದಳು ಸುಜಾತಾ.

"ಕೋರ್ಟಿಗೆ ಉಡಿ ಏನು ಗೊತ್ತು? ಹೆತ್ತಾಕಿ ಕಡೆಯಿಂದ ನಾ ನಿಂದರ್ತೀನಿ."

ಪಕ್ಕದ ಮನೆಯ ಬಸಮ್ಮ ಬಾಗಿಲಲ್ಲೇ ತಡೆದಳು. "ಏನಬೇ, ಅಕಿಗೆ ಮದುವಿ ಆಗಿಲ್ಲ, ನಿನಗ ಗಂಡ ಇಲ್ಲ. ಇಬ್ಬರೂ ಉಡಿ ಮುಟ್ಟಂಗಿಲ್ಲ."

ಅವ್ವ ಮೊರದಲ್ಲಿ ಅಕ್ಕಿ ಹಾಕುವುದನ್ನು ನಿಲ್ಲಿಸಲಿಲ್ಲ. "ಉಡಿ ಇರೋದು ಕೂಸಿಗೆ ಬಸಮ್ಮ, ಗಂಡಗ ಅಲ್ಲ. ಬಾ, ಉತ್ತತ್ತಿ ಆರಿಸಿ ಕೊಡು." ಬಸಮ್ಮ ಗೊಣಗುತ್ತಲೇ ಒಳಗೆ ಬಂದು ಉತ್ತತ್ತಿ ಆರಿಸಿದಳು.

ನಾಲ್ಕು ವರ್ಷದ ಹುಡುಗಿಯನ್ನು ಉಡಿಗೆ ಹಾಕುವುದು ಸುಲಭವಲ್ಲ. ಅವ್ವ ಮೊಣಕಾಲು ನೋವು ಮರೆತು ಅವಳನ್ನು ಎತ್ತಿದಳು. ಸುಜಾತಾಳ ಸೆರಗಿನಿಂದ ಕಾಲು ಹೊರಗೆ ನೇತಾಡಿದವು. ಹುಡುಗಿಗೆ ಅಕ್ಕಿ ಕಚಗುಳಿಯಿಟ್ಟು ನಗು ತಡೆಯಲಾಗಲಿಲ್ಲ. ಸುಜಾತಾ ಅಳುತ್ತಿದ್ದಳು. ಹಸಿರು ಖಣ ಕೊಟ್ಟು ಕಾಲು ಮುಟ್ಟಿದಾಗ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, "ಇದು ನಂದಲ್ಲ, ಹೆತ್ತಾಕಿದು. ಯಾರೂ ಹೊಲಿಸಬ್ಯಾಡ್ರಿ," ಎಂದು ಟ್ರಂಕಿನ ತಳಕ್ಕೆ ಇಟ್ಟಳು. ಪಕ್ಕದ ಹಂಪಸಾಗರದಿಂದ ಬಂದಷ್ಟು ಸುಲಭವಾಗಿ ಜಾಂಬಿಯಾದಿಂದ ಆ ತಾಯಿ ಬರುತ್ತಾಳೆಯೇ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಇಷ್ಟನ್ನೂ ಮೊನ್ನೆ ಮಾಳಿಗೆಯ ಮೇಲೆ ಮುತಿಂತಾಳಿಗೆ ಹೇಳಿದೆ. ನಿಮಗೆ ಹೇಳಿದಷ್ಟು ಚೆನ್ನಾಗಿ ಹೇಳಲಾಗಲಿಲ್ಲ. ಅವಳು ಖಣವನ್ನು ಮೂಸಿ ನೋಡಿ, ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು. ನಾನೂ ಹಿಂದೆಯೇ ಹೋದೆ. ಅವ್ವ ಹೊಸ್ತಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದಳು. ಈಗ ಅವಳಿಗೆ ಕಣ್ಣು ಮಂದ. ಖಣವನ್ನು ಬೆರಳಿಂದಲೇ ಗುರುತು ಹಿಡಿದಳು.

"ಅಜ್ಜಿ, ಅಕಿ ಬರ್ಲಿಲ್ಲ ಅಂದ್ರ?"

"ನೀ ಒಯ್ದು ಕೊಡು."

"ಎಲ್ಲಿ ಅದಾಳ ಯಾರಿಗೂ ಗೊತ್ತಿಲ್ಲಲ್ಲ."

"ಹುಡುಕು. ನಿಮ್ಮವ್ವ ನಿನಗೋಸ್ಕರ ಎಷ್ಟು ಹುಡುಕ್ಯಾಳ. ನೀ ದೊಡ್ಡಾಕಿ ಆಗಿ ಹುಡುಕು. ಸಿಕ್ಕರ ಹೇಳು, ಕೂಸು ಚಲೋ ಉಡಿಯಾಗ ಬಿದ್ದೈತಿ ಅಂತ."

ಹುಡುಗಿ ಸ್ವಲ್ಪ ಹೊತ್ತು ಅವ್ವನ ಪಕ್ಕ ಕೂತು ಶೇಂಗಾ ಸುಲಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಾವ, ಇದು ಇನ್ನ ಟ್ರಂಕಿನಾಗ ಬ್ಯಾಡ. ನನ್ನ ಬ್ಯಾಗಿನಾಗ ಇಡು," ಎಂದಳು. ಥೇಟ್ ಸುಜಾತಾಳ ದನಿ.

ಈ ಸಲ ನನಗೆ ನಗು ಬರಲಿಲ್ಲ. ಖಣಕ್ಕೆ ಹುಳ ಹತ್ತಬಾರದೆಂದು ಬಸಮ್ಮನ ಹಿತ್ತಲಿಗೆ ಹೋಗಿ ಬೇವಿನ ಟೊಂಗೆ ಮುರಿದು ತಂದು ಮಾಳಿಗೆಯ ಬಿಸಿಲಿಗೆ ಹರವಿದೆ. ರತ್ನಾ ಊಟಕ್ಕೆ ಕರೆದಳು, ಆಮೇಲೆ ಎಂದೆ. ಹಸಿ ಎಲೆ ಇಟ್ಟರೆ ಅರಿವೆಗೆ ಕಲೆ ಬೀಳುತ್ತದೆ. ಆ ಖಣ ಆ ತಾಯಿಯ ಕೈ ಮುಟ್ಟುವಾಗ ಕಲೆ ಇರಬಾರದು ಎಂದು ಎಲೆ ಒಣಗುವ ತನಕ ಅಲ್ಲೇ ಕಾಯುತ್ತಾ ಕೂತೆ.