ಹೊಸ ಕ್ಯಾಮೆರಾ, ಪುಟ್ಟಮ್ಮಜ್ಜಿಯ ಕಣ್ಣು

ಹೊಸ ಕ್ಯಾಮೆರಾ ಬಂದಿದೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಬರುತ್ತದೆ, ಅದರ ಬೆನ್ನಿಗೇ ಆಸೆಯೂ ಬರುತ್ತದೆ. ಅನುಮಾನವನ್ನು ಅಂಗಡಿಯವನಿಗೆ ತೋರಿಸಬೇಕು, ಆಸೆಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಮುಚ್ಚಿಡಬೇಕು. ದೇವನಹಳ್ಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ನಾನು ಇಷ್ಟು ವರ್ಷ ಬಾಳಿದ್ದರ ಗುಟ್ಟು ಇಷ್ಟೇ. ಬೇಕಾದರೆ ನೀವೂ ಪಾಲಿಸಿ ನೋಡಿ, ಸೀರೆ ಅಂಗಡಿಯಲ್ಲೂ ನಡೆಯುತ್ತದೆ.

ವಿಮಾನ ನಿಲ್ದಾಣ ಬಂದ ಹೊಸತರಲ್ಲಿ ನನ್ನ ಸ್ಟುಡಿಯೋ ಎಂದರೆ ಒಂದು ಸ್ಟೂಲು, ಒಂದು ನೀಲಿ ಪರದೆ, ಒಂದು ಬಾಚಣಿಗೆ. ಊರಿನವರಿಗೆಲ್ಲ ಏಕಾಏಕಿ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾಗಿತ್ತು. ಟ್ರಾಲಿ ತಳ್ಳುವ ಕೆಲಸಕ್ಕೆ, ಟ್ಯಾಕ್ಸಿ ಪರವಾನಗಿಗೆ, ಸೆಕ್ಯುರಿಟಿ ಪಾಸಿಗೆ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಗಿರಾಕಿ ಕತ್ತೆತ್ತುವುದು, ನಾನು "ಇಲ್ಲಿ ನೋಡಿ ಸ್ವಾಮಿ, ಅದು ನಾಳೇನೂ ಬರುತ್ತೆ" ಎನ್ನುವುದು. ಆ ಬಾಚಣಿಗೆಯ ಪುಣ್ಯದಿಂದಲೇ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡು ಮದುವೆ ಫೋಟೋಗೆ ಇಳಿದೆ.

ಅಲ್ಲಿಂದ ಈಚೆಗೆ ಕಂಪನಿಗಳು ಹಬ್ಬ ಬಂದ ಹಾಗೆ ಹೊಸ ಮಾದರಿ ಬಿಡುತ್ತಲೇ ಇವೆ. ಅದರಲ್ಲಿ ನಿಜವಾಗಿ ಹೊಸದೇನಾದರೂ ಇದೆಯೇ ಎಂದು ನಮ್ಮ ಕಸುಬಿನವರು ನನ್ನನ್ನು ಕೇಳುತ್ತಾರೆ. ಎಷ್ಟೋ ಸಲ ಇರುವುದಿಲ್ಲ. ಎಡಗಡೆಯ ಗುಂಡಿ ಬಲಗಡೆಗೆ ಬಂದಿರುತ್ತದೆ, ಹೆಸರಿನ ಮುಂದಿನ ಅಂಕಿ ಬದಲಾಗಿರುತ್ತದೆ, ಮೆಗಾಪಿಕ್ಸೆಲ್ ಏರಿರುತ್ತದೆ. ಮೆಗಾಪಿಕ್ಸೆಲ್ ಏರಿದರೆ ಮದುಮಗನ ಮೊಡವೆ ಇನ್ನಷ್ಟು ಸ್ಪಷ್ಟವಾಗುತ್ತದೆ, ಅದನ್ನು ಕೂತು ಅಳಿಸುವ ಕೆಲಸ ಮತ್ತೆ ನನ್ನದೇ. ಹಾಗಾಗಿ ನನ್ನ ಸಲಹೆ: ಒಂದು ಮಾದರಿ ಬಿಟ್ಟು ಅದರ ಮುಂದಿನದನ್ನು ಕೊಳ್ಳಿ. ಮೊದಲು ಒಳ್ಳೆಯ ಲೆನ್ಸ್ ತೆಗೆದುಕೊಳ್ಳಿ, ಕ್ಯಾಮೆರಾ ಆಮೇಲಾಯಿತು. ಅಂಗಡಿಗೆ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೇ ಹೋಗಿ, ಹಸಿದ ಮಾರಾಟಗಾರ ಬೇಗ ಒಪ್ಪುತ್ತಾನೆ.

ಇಷ್ಟು ಕೊಂಕು ಮಾತಾಡಿದರೂ ಆ ಯಂತ್ರದ ಮೇಲೆ ನನಗೆ ಬಹಳ ಗೌರವ. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಕನ್ನಡಿಯಿದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಠಪ್ಪೆಂದು ಮೇಲೇಳುತ್ತದೆ, ಬೆಳಕು ಹಿಂದಕ್ಕೆ ಹಾಯ್ದು ಚಿತ್ರವಾಗುತ್ತದೆ, ಆ ಗಳಿಗೆಯಲ್ಲಿ ನಮ್ಮ ಕಣ್ಣಿಗೆ ಬರೀ ಕತ್ತಲೆ. ಅಂದರೆ, ಯಾವ ಗಳಿಗೆ ಫೋಟೋ ಆಯಿತೋ ಅದನ್ನು ತೆಗೆದವರೇ ನೋಡಿರುವುದಿಲ್ಲ. ತಾಳಿ ಕಟ್ಟುವ ಕ್ಷಣವನ್ನು ನೆಂಟರಿಷ್ಟರೆಲ್ಲ ಕಣ್ತುಂಬ ನೋಡುತ್ತಾರೆ. ಅಷ್ಟು ಮದುವೆಗೆ ಹೋಗಿರುವ ನಾನು ಒಂದನ್ನೂ ನೋಡಿಲ್ಲ.

ಈಗ ನಲ್ಲೂರಿನ ಪುಟ್ಟಮ್ಮಜ್ಜಿಯ ವಿಷಯ. ಅವರ ಮೊಮ್ಮಗಳು ಶಶಿಕಲಾಗೆ ಹೊಸಕೋಟೆ ಕಡೆಯ ಗಂಡು ಗೊತ್ತಾಗಿತ್ತು. ಮದುವೆಯ ಫೋಟೋ ಕೆಲಸ ಒಪ್ಪಿಸಲು ಬಂದ ಹುಡುಗಿ ಮನೆಯ ಹಳೆಯ ಆಲ್ಬಮ್‌ಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದಳು.

"ನೋಡಕ್ಕ, ಇದು ಅಣ್ಣನ್ ಮದ್ವೆ, ಇದು ಚಿಕ್ಕಪ್ಪಂದು, ಇದು ಗೃಹಪ್ರವೇಶ. ಒಂದ್ರಲ್ಲಾದ್ರೂ ನಮ್ಮಜ್ಜಿ ಕಣ್ ಬಿಟ್ಟವ್ಳಾ?"

ಬಿಟ್ಟಿರಲಿಲ್ಲ. ಎಲ್ಲದರಲ್ಲೂ ಅಜ್ಜಿ ಕೈ ಮುಗಿದು, ಕಣ್ಣು ಮುಚ್ಚಿ, ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತಿದ್ದಾರೆ. ಸಂಜೆ ದೀಪ ಹಚ್ಚಿದಾಗ ಕೈ ಮುಗಿಯುವುದು ನಮ್ಮ ಕಡೆಯ ಹಿರಿಯರ ರೂಢಿ, ಸ್ವಿಚ್ಚು ಬಂದಮೇಲೂ ಅವರು ಅದನ್ನು ಬಿಟ್ಟಿಲ್ಲ. ಪುಟ್ಟಮ್ಮಜ್ಜಿಗೆ ದೀಪ ದೀಪದಲ್ಲಿ ಭೇದವಿಲ್ಲ. ವಿಡಿಯೋದವರು ಲೈಟು ಹಾಕಿದರೆ ಸಾಕು, ಕೈ ಕೂಡುತ್ತದೆ, ರೆಪ್ಪೆ ಮುಚ್ಚುತ್ತದೆ. ಬರಬರುತ್ತ ಕ್ಯಾಮೆರಾ ಕಂಡರೇ ಲೈಟು ಬಂತೆಂದು ಅವರ ಎಣಿಕೆ. ಬಿಸಿಲಿಗೆ ಕರೆದುಕೊಂಡು ಬರೋಣವೆಂದರೆ, ಕಣ್ಣಿನ ಆಪರೇಷನ್ ಆದಮೇಲೆ ಹೊರಗೆ ಬಂದರೆ ನೀರು ಸುರಿಯುತ್ತದೆ. ಒಳಗೆ ನಡುಮನೆಯಲ್ಲಿ ಮೊಬೈಲ್ ಹಿಡಿದರೆ ಅಜ್ಜಿಯೂ ಗೋಡೆಯೂ ಒಂದೇ ಬಣ್ಣ.

"ಅಲ್ಲಿಗ್ ಹೋದ್ಮೇಲೆ ಅವ್ಳ್ ಮುಖ ನೋಡ್ಬೇಕು ಅನ್ಸಿದ್ರೆ ಈ ಮುಚ್ಚಿದ್ ಕಣ್ಣೇ ನೋಡ್ಬೇಕಾ ಅಕ್ಕ? ನಾನೇನೋ ದೇವ್ರು, ಅವ್ಳು ನಂಗೇ ಕೈ ಮುಗೀತಾವ್ಳೆ ಅನ್ನಂಗೈತೆ" ಎಂದು ನಕ್ಕಳು. ಕಣ್ಣು ಬಿಟ್ಟ ಅಜ್ಜಿಯ ಒಂದು ಫೋಟೋ ಸಾಕು, ಉಳಿದ ಆಲ್ಬಮ್ ಹೇಗಾದರೂ ಇರಲಿ ಎಂದಳು.

ಮಾರನೆಯ ದಿನವೇ ಸಿಟಿಯ ಕ್ಯಾಮೆರಾ ಅಂಗಡಿಗೆ ಹೋದೆ. ಅಲ್ಲಿನ ರಫೀಕ್ ಭಾಯ್ ಹೊಸ ಮಾದರಿಯನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿ ತಂದರು.

"ಮೇಡಂ, ಇದು ಕತ್ಲಲ್ಲೂ ನೋಡುತ್ತೆ."

"ಕತ್ಲಲ್ಲಿ ನೋಡೋಕೆ ನಮ್ಮನೇಲಿ ಬೆಕ್ಕಿದೆ ಭಾಯ್. ಹೋದ ವರ್ಷದ್ದೇ ಕೊಡಿ ಸಾಕು."

"ಅದೆಲ್ಲಾ ಖಾಲಿ ಮೇಡಂ, ಒಂದ್ ಪೀಸೂ ಇಲ್ಲ."

"ಹಂಗಾದ್ರೆ ಅಂಗಡಿ ಲೈಟ್ ಆರ್ಸಿ. ಪರೀಕ್ಷೆ ಮಾಡೇ ಬಿಡೋಣ."

ಆರಿಸಿದರು. ಅಟ್ಟದ ಕೆಳಗಿನ ಮೂಲೆಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಅತ್ತ ತಿರುಗಿಸಿ ಗುಂಡಿ ಒತ್ತಿದೆ. ಠಪ್ಪೆನ್ನುವ ಬದಲು ಯಾರೋ ಸೆರಗು ಸರಿಮಾಡಿಕೊಂಡಷ್ಟು ಸದ್ದು. ಪರದೆಯಲ್ಲಿ ನೋಡಿದರೆ ಮೂಲೆಯ ಪೊರಕೆ ಕಡ್ಡಿಕಡ್ಡಿಯಾಗಿ ಮೂಡಿದೆ, ಅದರ ಹಿಂದೆ ಹೋದ ವರ್ಷದ ಮಾದರಿಯ ಪೆಟ್ಟಿಗೆಗಳು ಸಾಲಾಗಿ ಕೂತಿವೆ.

"ಇದೇನ್ ಭಾಯ್, ಖಾಲಿ ಆಗಿರೋದು ಇಷ್ಟ್ ಚೆನ್ನಾಗ್ ಕಾಣ್ತಾ ಇದೆ?"

ರಫೀಕ್ ಭಾಯ್ ಹಣೆ ಚಚ್ಚಿಕೊಂಡು ನಕ್ಕರು. "ಆಯ್ತು ತಗೊಳ್ಳಿ ಮೇಡಂ, ನೀವ್ ಹೇಳಿದ್ದೇ ರೇಟು." ಮಾರುವವರ ಮುಂದೆಯೇ ನಿಂತು ಅವರ ವಿರುದ್ಧ ಸಾಕ್ಷಿ ಹೇಳುವ ಸರಕನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಳೆಯ ಮಾದರಿಯ ಆಸೆ ಅಲ್ಲೇ ಬಿಟ್ಟುಹೋಯಿತು, ಹೊಸದನ್ನೇ ಕೊಂಡೆ.

ಕತ್ತಲೆಗೆ ಹೆದರದ ಕ್ಯಾಮೆರಾ ಬಂದರೆ ಕಷ್ಟವೇ ಇಲ್ಲವೆಂದು ತಿಳಿಯಬೇಡಿ. ಮೊದಲ ಪ್ರಯೋಗ ದೊಡ್ಡಬಳ್ಳಾಪುರದ ಒಂದು ಛತ್ರದಲ್ಲಿ, ಬೇರೆ ಯಾರದೋ ಆರತಕ್ಷತೆಯಲ್ಲಿ. ಫ್ಲಾಶ್ ಇಲ್ಲದೆ ಚಕಚಕನೆ ತೆಗೆಯುತ್ತಿದ್ದೇನೆ, ವೇದಿಕೆ ಹತ್ತಿದವರು ಇಳಿಯುತ್ತಲೇ ಇಲ್ಲ.

"ತೆಗ್ದಾಯ್ತು, ಇಳೀರಿ ಸಾರ್."

"ಎಲ್ ತೆಗ್ದ್ರಮ್ಮ? ಮಿಂಚೇ ಇಲ್ವಲ್ಲ!"

ಮುಯ್ಯಿ ಕೊಟ್ಟವರಿಗೆ ಕಣ್ಣು ಕೋರೈಸಬೇಕು, ಇಲ್ಲವಾದರೆ ಬಂದದ್ದಕ್ಕೆ ದಾಖಲೆ ಎಲ್ಲಿ? ಸಾಲು ಊಟದ ಹಾಲ್‌ವರೆಗೆ ಬೆಳೆಯಿತು. ಕೊನೆಗೆ ಫ್ಲಾಶ್ ಹಾಕಿ ಅದರ ಮೂತಿಯನ್ನು ಚಾವಣಿಗೆ ತಿರುಗಿಸಿದೆ. ಚಾವಣಿಗೆ ಮಿಂಚು ಹೊಡೆಯಿತು, ಜನ ತೃಪ್ತಿಯಿಂದ ಇಳಿದು ಊಟಕ್ಕೆ ಹೋದರು. ಹೊಸ ಕ್ಯಾಮೆರಾ ಕೊಳ್ಳುವವರು ಈ ಉಪಾಯವನ್ನು ತಿಳಿದುಕೊಂಡಿರಿ.

ಶಶಿಕಲಾಳ ಅರಿಶಿನ ಶಾಸ್ತ್ರದ ಬೆಳಿಗ್ಗೆ ಮಾತ್ರ ಫ್ಲಾಶನ್ನು ಸ್ಟುಡಿಯೋದಲ್ಲೇ ಬಿಟ್ಟು ಹೋದೆ. ವಿಡಿಯೋದವರನ್ನು ಚಪ್ಪರದಲ್ಲಿ ಕೂರಿಸಿ ಕಾಫಿ ಕೊಡಿಸಿದೆ. ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಪುಟ್ಟಮ್ಮಜ್ಜಿ ನನ್ನ ಕೈಯಲ್ಲಿದ್ದುದನ್ನು ಕಂಡವರೇ ಎಚ್ಚರಾದರು.

"ಲೈಟ್ ಹಾಕ್ತೀಯೇನವ್ವಾ?"

"ಇಲ್ಲ ಅಜ್ಜಿ, ಲೈಟೇ ತಂದಿಲ್ಲ."

"ಲೈಟಿಲ್ದೆ ಅದೇನ್ ಫೋಟೋನೋ" ಎಂದು ನನ್ನನ್ನು ಕೈಬಿಟ್ಟು ಅರಿಶಿನದ ಬಟ್ಟಲಿಗೆ ಕೈ ಹಾಕಿದರು. ನಾನು ಅಡುಗೆಮನೆಯ ಬಾಗಿಲಿಗೆ ಸರಿದು ದೂರದ ಲೆನ್ಸ್ ಹಾಕಿಕೊಂಡೆ. ಅಜ್ಜಿ ಮೊಮ್ಮಗಳ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದರು.

"ಏನೇ ಇಷ್ಟ್ ಬತ್ತೋಗಿದ್ದೀಯ? ಅಲ್ಲೋಗಿ ಸರ್ಯಾಗ್ ಉಣ್ಣು. ಅವ್ರೇನಂತಾರೋ ಅಂತ ಅರೆಹೊಟ್ಟೇಲಿ ಏಳ್ಬ್ಯಾಡ, ಗೊತ್ತಾಯ್ತಾ?"

"ಹೂಂ ಕಣಜ್ಜಿ."

ಒತ್ತಿದೆ. ಸೆರಗಿನ ಸದ್ದು, ನನಗೆ ಕತ್ತಲೆ. ಅಜ್ಜಿಯ ರೆಪ್ಪೆ ಆ ಗಳಿಗೆ ಏನು ಮಾಡಿತೋ ತಿಳಿಯದೆ ಪರದೆಯನ್ನು ನೋಡಲೇ ಭಯವಾಯಿತು. ನೋಡಿದೆ. ತಲೆಬಾಗಿಲಿನಿಂದ ಬಂದ ಇಷ್ಟೇ ಇಷ್ಟು ಬೆಳಕಿನಲ್ಲಿ ಎರಡು ಕಣ್ಣು ಅಗಲವಾಗಿ ತೆರೆದು ಶಶಿಕಲಾಳನ್ನು ನೋಡುತ್ತಿದ್ದವು, ಗದರಿಸುತ್ತಲೂ ಇದ್ದವು.

ಮದುವೆ ಮುಗಿಸಿ ಶಶಿಕಲಾ ತವರಿಗೆ ಬಂದ ದಿನ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಒಯ್ದೆ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಮ್ಮವ್ವನ್ ಫೋಟೋ ನಿಂಗೆಲ್ ಸಿಕ್ತವ್ವಾ? ಅವ್ಳ್ ಒಂದಿನಾನೂ ತೆಗಿಸ್ಕಂಡೇ ಇಲ್ವಲ್ಲ!"

"ಅಯ್ಯೋ, ಅದು ನೀನೇ ಕಣಜ್ಜಿ" ಎಂದಳು ಶಶಿಕಲಾ.

"ನಾನಾ?" ಅಜ್ಜಿ ಇನ್ನೂ ಹತ್ತಿರ ಹಿಡಿದರು. ಅರಿಶಿನ ಮೆತ್ತಿದ ಕೈಗಳನ್ನು ನೋಡಿದರು, ಬಳೆ ನೋಡಿದರು, ಮತ್ತೆ ಕಣ್ಣಿಗೆ ಬಂದರು. "ಬಳೆ ನಂದೇಯ. ಕಣ್ ಮಾತ್ರ ಅವ್ವಂದು. ಇರ್ಲಿ ಬಿಡು, ಇಬ್ರುದೂ ಒಂದ್ರಲ್ಲೇ ಬಂದೈತೆ. ಇವ್ಳಿಗೊಂದು, ನಂಗೊಂದು ಮಾಡ್ಕೊಡು."

ಇಂಥದೊಂದು ಸೌಲಭ್ಯವಿದೆ ಎಂದು ಕಂಪನಿಯವರು ಜಾಹೀರಾತಿನಲ್ಲಿ ಎಲ್ಲೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡಿದ್ದರೆ ನಾನು ರಫೀಕ್ ಭಾಯ್ ಹತ್ತಿರ ಅಷ್ಟು ಚೌಕಾಸಿ ಮಾಡುತ್ತಲೇ ಇರಲಿಲ್ಲ. ಮಾಡುತ್ತಿದ್ದೆ, ಸುಳ್ಳು ಯಾಕೆ. ಆದರೆ ಸ್ವಲ್ಪ ದನಿ ತಗ್ಗಿಸಿ ಮಾಡುತ್ತಿದ್ದೆ.