ಹಸಿದ ಕೌದಿ

ಚೌಕಾಶಿ ಮಾಡದೆ ಕೊಂಡ ಬದನೆಕಾಯಿ ನನಗೆ ರುಚಿಸುವುದಿಲ್ಲ. ಇದನ್ನು ಜಿಪುಣತನವೆಂದು ನನ್ನ ಹೆಂಡತಿ ಕರೆಯುತ್ತಾಳೆ. ಜಾಣತನವೆಂದು ನಾನು ತಿಳಿದಿದ್ದೆ. ಬೆಳಗಾವಿಯ ಕೋರ್ಟಿನ ಮುಂದೆ ಕುಳಿತು ಅರ್ಜಿ ಬರೆಯುವುದು ನನ್ನ ಉದ್ಯೋಗ. ಅಲ್ಲಿಗೆ ಬಂದವರು, "ಕಾಗದ ನಂದ ಐತಿ, ಬರಿಯೂದಕ್ಕ ಎಂಟಾಣೆ ಯಾಕ್ರಿ?" ಎಂದರೆ ಮೈಯೆಲ್ಲ ಉರಿಯುತ್ತದೆ. ಸಂಜೆ ಪೇಟೆಗೆ ಹೋಗಿ ಕಾಯಿಪಲ್ಲೆಯವಳ ಎದುರು ನಾನೂ ಅದೇ ಧಾಟಿಯಲ್ಲಿ ಮಾತಾಡುತ್ತೇನೆ.

ಆ ವರ್ಷ ಮಗಳು ಚೊಚ್ಚಲ ಹೆರಿಗೆಗೆ ನಮ್ಮ ಅನಗೋಳದ ಮನೆಗೆ ಬಂದಿದ್ದಳು. ಹುಟ್ಟುವ ಕೂಸಿಗೆ ಕೌದಿ ಬೇಕಲ್ಲ? ಹೆಂಡತಿ ಹಳೆಯ ಸೀರೆಗಳನ್ನೆಲ್ಲ ಒಟ್ಟಿ, ಕೌದಿ ಹೊಲಿಯುವ ತಂಗೆವ್ವನನ್ನು ಖಾನಾಪುರದಿಂದ ಕರೆಸಿದಳು. ತಂಗೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತವಳು ಹದಿನೈದು ದಿನ ಸೂಜಿ ಕೆಳಗಿಡಲಿಲ್ಲ. ಆಗ ಊರಲ್ಲೆಲ್ಲ ಚರಕದ ಗಾಳಿ. ನಾನೂ ಖಾದಿ ಟೋಪಿ ಹಾಕಿಕೊಂಡು, ಕೈಕೆಲಸದ ಹಿರಿಮೆಯನ್ನು ಓಣಿಯವರಿಗೆ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದೆ.

ಒಂದೇ ಮೂಲೆ ಉಳಿದಾಗ ತಂಗೆವ್ವ ಕೂಲಿಯ ಮಾತೆತ್ತಿದಳು. "ಮೂರು ರೂಪಾಯಿ ಆಗತೈತ್ರಿ."

"ಸೀರಿ ನಮ್ಮವು, ದಾರ ನಮ್ಮದು, ಎರಡು ಹೊತ್ತಿನ ಊಟಾನೂ ನಮ್ಮದ. ನಿಂದೇನೈತಿ? ಸೂಜಿ. ಎರಡು ತಗೋ," ಎಂದೆ.

ಅವಳು ಜಗಳಾಡಲಿಲ್ಲ. ಎರಡು ರೂಪಾಯಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು. "ಎರಡಕ್ಕ ಇಷ್ಟ ಬರತೈತ್ರಿ," ಎಂದು ಮೂಲೆಯನ್ನು ತೆರೆದೇ ಬಿಟ್ಟು ಊರಿಗೆ ಹೋದಳು.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ರೊಟ್ಟಿಯ ಚೂರೊಂದನ್ನು ಒಳಗಿಟ್ಟು, ಅದರ ಹೊಟ್ಟೆ ತುಂಬಿಸಿ ಹೊಲಿಯಬೇಕು; ಹೊಲಿದವಳೇ ಉಣಿಸಬೇಕು. "ಹಸದ ಕೌದ್ಯಾಗ ಕೂಸಿನ್ನ ಮಲಗಸೂದಿಲ್ಲ ನಾ," ಎಂದು ಹೆಂಡತಿ ಅದನ್ನು ಮಡಿಚಿ ನನ್ನ ಮುಂದಿಟ್ಟಳು. ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೌದಿಯನ್ನೇ ನೋಡಿದಳು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಒಂದು ಗೇಣು ಹೊಲಿಗೆ ತಾನೆ ಎಂದು ರವಿವಾರ ನಾನೇ ರೊಟ್ಟಿಯ ಚೂರಿಟ್ಟು ಸೂಜಿ ಹಿಡಿದೆ. ಕುಳಿತೆ, ಎದ್ದೆ, ಕಿಟಕಿಯ ಹತ್ತಿರ ಹೋದೆ, ಮತ್ತೆ ಕುಳಿತೆ. ಏಳೆಂಟು ಪದರ ಸೀರೆಯಲ್ಲಿ ಸೂಜಿ ಇಳಿಯಲೊಲ್ಲದು, ಬೆರಳಿಗೆ ಮಾತ್ರ ಸಲೀಸಾಗಿ ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಆ ಹಾಸಿಗೆ ಹೊಲಿದವರಿಗೆ ಎಷ್ಟು ಕೊಡಬೇಕೆಂದು ಯಾಕೆ ಹೇಳಲಿಲ್ಲ? ಬಹುಶಃ ಅವರೂ ಕೊಳ್ಳುವವರ ಪೈಕಿಯೇ ಇದ್ದಿರಬೇಕು. ಹೊತ್ತು ಮುಳುಗುವ ವೇಳೆಗೆ ಗೇಣುದ್ದ ಮುಗಿಯಿತು. ಹೆಂಡತಿ ನೋಡಿ, "ಜ್ವಾಳದ ಚೀಲದ ಬಾಯಿ ಕಟ್ಟೀರೇನು?" ಎಂದು ಕೇಳಿ ಅಡಿಗೆಮನೆಗೆ ಹೋದಳು.

ಮರುದಿನ ಕೋರ್ಟಿನ ಮುಂದೆ "ನೊಂದ ಅರ್ಜಿದಾರಳು" ಎಂದು ಬರೆಯುವಾಗ ತಂಗೆವ್ವನ ಮುಖ ಕಣ್ಣ ಮುಂದೆ ಬಂತು. ನನಗೆ ನಾಚಿಕೆಯಾಯಿತು. ಲೇಖನಿ ಕೆಳಗಿಟ್ಟೆ, ಮನೆಗೆ ಹೋಗಿ ಕೌದಿಯನ್ನು ಬಗಲಲ್ಲಿ ಹಿಡಿದು ಖಾನಾಪುರದ ರೈಲು ಹತ್ತಿದೆ. ಅಲ್ಲಿ ಕನ್ನಡದಲ್ಲಿ ದಾರಿ ಕೇಳಿದರೆ ಮರಾಠಿಯಲ್ಲಿ ಹೇಳಿದರು. ಬಗಲಲ್ಲಿದ್ದ ಕೌದಿ ನೋಡಿ ಎಲ್ಲರೂ ಒಂದೇ ಮನೆ ತೋರಿಸಿದರು.

"ಬರ್ರಿ ರಾಯರ, ಕುಂದರ್ರಿ," ಎಂದಳು ತಂಗೆವ್ವ. ನನ್ನ ಹೊಲಿಗೆ ನೋಡಿ ನಗಲಿಲ್ಲ; ಅದು ಅವಳ ದೊಡ್ಡತನ. ಒಂದೊಂದೇ ಎಳೆ ಬಿಚ್ಚಿ, ನಾನಿಟ್ಟ ಚೂರನ್ನು ತೆಗೆದು ಕೋಳಿಗೆ ಎಸೆದಳು. ಒಳಗಿನಿಂದ ತನ್ನ ರೊಟ್ಟಿ ತಂದು, ಮುರಿದು, "ಉಣ್ಣವಾ," ಎಂದು ಕೌದಿಗೆ ಉಣಿಸಿ ಮೂಲೆ ಮುಚ್ಚಿದಳು. ನಾನು ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

ಎರಡು ರೂಪಾಯಿ ಮುಂದಿಟ್ಟೆ. ಒಂದು ಬಾಕಿಯದು, ಇನ್ನೊಂದು ಪಶ್ಚಾತ್ತಾಪದ್ದು. ಅವಳು ಹನ್ನೆರಡಾಣೆ ಎಣಿಸಿ ವಾಪಸು ಕೊಟ್ಟಳು.

"ಇರಲಿ, ಇಟ್ಕೋ."

"ಒಲ್ಲೆರಿ. ಕೌದಿಗೆ ಮೂರು ಅಂದಿದ್ದೆ, ಮೂರು ಆತು. ಮ್ಯಾಲಿನ ನಾಕಾಣೆ ನಿಮ್ಮ ಹೊಲಿಗಿ ಬಿಚ್ಚಿದ್ದಕ್ಕ."

ಚೌಕಾಶಿ ಮಾಡಲು ಬಾಯಿ ತೆರೆದೆ, ಹಾಗೆಯೇ ಮುಚ್ಚಿದೆ. ಒಂದು ಇಡೀ ದಿನದ ನನ್ನ ದುಡಿಮೆಗೆ ಇಷ್ಟು ಸರಿಯಾಗಿ ಬೆಲೆ ಕಟ್ಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.